ರೇಡಿಯೋ ವಿಮಾನದ ವೇಗದ ಕಡ್ಡಿಯೂ ನಿಲುಗಡೆಯ ಸ್ವಿಚ್ಚೂ: ಭೂಮಾಲಿಕರು ತಿಳಿದಿರಬೇಕಾದ ಪಾಠ

ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಭೂಮಾಲಿಕರಿಗೆ ಮಳೆಗಾಲದ ಮುಖ್ಯ ಚಿಂತೆಯು ಅಡಿಕೆಯ ಕೊಳೆರೋಗವೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಈ ರೋಗದ ನಿವಾರಣೆಗೆ ೧೦೦ ಲೀಟರು ನೀರಿಗೆ ೧ ಕಿಲೋಗ್ರಾಂ ಮೈಲುತುತ್ತು ಮತ್ತು ೧ ಕಿಲೋಗ್ರಾಂ ಸುಣ್ಣದ ಪ್ರಮಾಣದಲ್ಲಿ ಮಾಡಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವುದಕ್ಕೆ ಮುಂಚೆ ಒಮ್ಮೆಯೂ, ೪೦–೪೫ ದಿನಗಳ ತರುವಾಯ ಇನ್ನೊಮ್ಮೆಯೂ ಗೊನೆಗಳಿಗೆ ಸಿಂಪಡಿಸುವುದು ನಡೆದುಬಂದ ಕ್ರಮವು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಕುರಿತ ತಮ್ಮ ಪುಸ್ತಿಕೆಯನ್ನು ಪ್ರಕಟಿಸಿದುದು ೧೯೧೦ರಲ್ಲಿ. ಅಂದಿನಿಂದ ಇಂದಿನವರೆಗೆ ಔಷಧವು ಹೆಚ್ಚಾಗಿ ಬದಲಾಗಿಲ್ಲ. ಅದನ್ನು ಮರದ ತುದಿಗೆ ಮುಟ್ಟಿಸುವ ಬಗೆಯು ಮಾತ್ರ ಬದಲಾಗುತ್ತಲಿದೆ. ಜಾರುವ ಮರವನ್ನು ಹತ್ತಬಲ್ಲ ಆಳುಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿರುವುದರಿಂದ, ಮೊದಲು ಕಾರ್ಬನ್ ಫೈಬರಿನ ಉದ್ದ ದೋಟಿಯೂ, ಈಗ ಡ್ರೋನ್ ಎಂಬ ಹಾರುವ ಯಂತ್ರವೂ ತೋಟಗಳಿಗೆ ಬಂದಿರುವುವು.

ಡ್ರೋನನ್ನು ಸ್ವಂತಕ್ಕೆ ಕೊಂಡವರೂ, ಬಾಡಿಗೆಗೆ ಕರೆಯಿಸುವವರೂ ಸಾಮಾನ್ಯವಾಗಿ ಅದರ ತೊಟ್ಟಿಯ ಅಳತೆಯನ್ನೂ ಎಕರೆಯ ದರವನ್ನೂ ವಿಚಾರಿಸುವರು. ಆದರೆ ಚಾಲಕನ ಕೈಯಲ್ಲಿರುವ ರೇಡಿಯೋ ಪೆಟ್ಟಿಗೆಯ ಒಂದು ಸಣ್ಣ ಸ್ವಿಚ್ಚು ಸರಿಯಾಗಿದೆಯೋ ಇಲ್ಲವೋ ಎಂದು ವಿಚಾರಿಸುವವರು ವಿರಳ. ಆಳುಮಕ್ಕಳ ಕೈಕಾಲುಗಳ ಕ್ಷೇಮವು ಅದನ್ನೇ ಅವಲಂಬಿಸಿರುವುದು. ಆ ಸ್ವಿಚ್ಚನ್ನೂ ವೇಗದ ಕಡ್ಡಿಯನ್ನೂ ಹೊಂದಿಸುವ ಕ್ರಮವನ್ನು ತಿಳಿಯಪಡಿಸುವುದು ಈ ಲೇಖನದ ಉದ್ದೇಶವು. ಹಾರಿಸುವುದನ್ನು ಕಲಿಯುವ ಯುವಕರು ಅಲ್ಪ ವೆಚ್ಚದ ಮಾದರಿ ವಿಮಾನದಿಂದ ತೊಡಗುವುದು ವಾಡಿಕೆಯಾದ ಕಾರಣ, ಮೊದಲು ಅದರ ಕ್ರಮವನ್ನೂ, ಅನಂತರ ಡ್ರೋನಿನ ವ್ಯತ್ಯಾಸವನ್ನೂ ಹೇಳಲಾಗುವುದು.

ರೇಡಿಯೋ ಪೆಟ್ಟಿಗೆಯ ಪರಿಚಯ

ಜನರು ರಿಮೋಟ್ ಎಂದು ಕರೆಯುವ ಈ ಪೆಟ್ಟಿಗೆಯಲ್ಲಿ ಎರಡು ಕಡ್ಡಿಗಳೂ, ಮೇಲ್ಭಾಗದಲ್ಲಿ ಹಲವು ಸ್ವಿಚ್ಚುಗಳೂ ಇರುವುವು. ಕಡ್ಡಿಗಳಲ್ಲೊಂದನ್ನು ಮೇಲಕ್ಕೂ ಕೆಳಕ್ಕೂ ಸರಿಸಿದಾಗ ಯಂತ್ರದ ವೇಗವು ಏರುವುದು, ಇಳಿಯುವುದು. ಇದಕ್ಕೆ ಥ್ರಾಟಲ್ ಎಂದು ಹೆಸರು. ಈ ಲೇಖನದಲ್ಲಿ ವೇಗದ ಕಡ್ಡಿ ಎಂದು ಕರೆಯಲಾಗಿದೆ. 'ಮೋಡ್ ೨' ಎಂಬ ಏರ್ಪಾಟಿನಲ್ಲಿ ಇದು ಎಡಗೈಯಲ್ಲಿಯೂ, 'ಮೋಡ್ ೧' ಎಂಬುದರಲ್ಲಿ ಬಲಗೈಯಲ್ಲಿಯೂ ಇರುವುದು. ಒಂದರಲ್ಲಿ ಕಲಿತವನ ಕೈಗೆ ಇನ್ನೊಂದು ಪೆಟ್ಟಿಗೆಯನ್ನು ಕೊಡಬಾರದು.

ಕಡ್ಡಿಯ ಸ್ಥಾನವು ವಿಮಾನಕ್ಕೆ ತಲುಪುವ ರೀತಿಯು ಸರಳವಾದುದು. ವಿಮಾನದೊಳಗಿನ ಗ್ರಾಹಕವು ಯಂತ್ರಕ್ಕೆ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳುಹಿಸುತ್ತಿರುವುದು; ಹಳೆಯ ಕ್ರಮದಲ್ಲಿ ಸೆಕೆಂಡಿಗೆ ಸುಮಾರು ೫೦ ಮಿಡಿತಗಳು. ಮಿಡಿತದ ಉದ್ದವು ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು ೧,೦೦೦ ಪಾಲಿದ್ದರೆ ಕಡ್ಡಿಯು ಪೂರ್ತಿ ಕೆಳಗೆ, ೧,೫೦೦ ಇದ್ದರೆ ನಡುವೆ, ೨,೦೦೦ ಇದ್ದರೆ ಪೂರ್ತಿ ಮೇಲೆ ಎಂದು ಅರ್ಥ. ಯಂತ್ರಕ್ಕೆ ಗೊತ್ತಾಗುವುದು ಈ ಸಂಖ್ಯೆಯೊಂದೇ. ಸಂಖ್ಯೆಯು ತಪ್ಪಿದರೆ ಯಂತ್ರವೂ ತಪ್ಪಿ ನಡೆಯುವುದು. ಚಾಲಕನ ಮನಸ್ಸಿನಲ್ಲಿದ್ದುದು ಅದಕ್ಕೆ ತಿಳಿಯದು.

ನಿಲುಗಡೆ ಬೇರೆ, ಮಂದಗತಿ ಬೇರೆ

ಇಡೀ ಪಾಠದ ತಿರುಳು ಇದೇ ಆಗಿದೆ. ತೋಟದ ಡೀಸೆಲ್ ಪಂಪನ್ನು ನಡೆಸಿದವರಿಗೆ ಇದು ಹೊಸದಲ್ಲ. ಪಂಪಿನ ಎಂಜಿನನ್ನು ತಗ್ಗಿಸಿದಾಗ ಅದು ಗುಡುಗುಟ್ಟುತ್ತಾ ನಿಧಾನವಾಗಿ ತಿರುಗುತ್ತಿರುವುದು. ಎಣ್ಣೆಯನ್ನು ಕಡಿದಾಗ ಮಾತ್ರ ನಿಲ್ಲುವುದು. ಮೊದಲನೆಯದು ಮಂದಗತಿ, ಎರಡನೆಯದು ನಿಲುಗಡೆ. ಕಂಬಳದ ಕರೆಯಲ್ಲಿ ಓಟಕ್ಕೆ ಸಿದ್ಧವಾಗಿ ನಿಂತ ಕೋಣಗಳನ್ನೂ, ಹಟ್ಟಿಯಲ್ಲಿ ಕಟ್ಟಿಹಾಕಿದ ಕೋಣಗಳನ್ನೂ ಹೋಲಿಸಿ ನೋಡಬಹುದು. ಎರಡೂ ನಿಂತೇ ಇರುವುವು. ಆದರೆ ಮೊದಲನೆಯವುಗಳ ಮುಂದೆ ಯಾರೂ ನಡೆದುಹೋಗರು.

ಪೆಟ್ರೋಲ್ ಅಥವಾ ಮೆಥನಾಲ್ ಇಂಧನದ ಮಾದರಿ ವಿಮಾನದಲ್ಲಿ ವೇಗದ ಕಡ್ಡಿಯನ್ನು ಪೂರ್ತಿ ಕೆಳಗಿಳಿಸಿದಾಗ ಎಂಜಿನು ನಿಲ್ಲಕೂಡದು. ನಿಂತರೆ ವಿಮಾನವು ಇಳಿಯುವ ವೇಳೆಯಲ್ಲಿ ಮತ್ತೆ ಮೇಲೇಳಲಾರದೆ ಗಿಡಕ್ಕೋ ಗೋಡೆಗೋ ಬಡಿಯುವುದು. ಆದುದರಿಂದ ಕಡ್ಡಿಯ ತಳಸ್ಥಾನವನ್ನು ಮಂದಗತಿಗೆ ಹೊಂದಿಸಿ, ನಿಲುಗಡೆಗೆ ಬೇರೆಯೇ ಒಂದು ಸ್ವಿಚ್ಚನ್ನು ಇಡತಕ್ಕುದು. ಬ್ಯಾಟರಿಯ ವಿಮಾನದಲ್ಲಿ ಅಪಾಯವು ಇನ್ನೂ ಗುಪ್ತವಾದುದು. ಕಡ್ಡಿ ಕೆಳಗಿದ್ದಾಗ ಮೋಟಾರು ನಿಶ್ಶಬ್ದವಾಗಿ ನಿಂತಿರುವುದು. ನೋಡಿದವರು ಸತ್ತ ಯಂತ್ರವೆಂದು ಭಾವಿಸುವರು. ಆದರೆ ಅಂಗಿಯ ತೋಳು ಕಡ್ಡಿಗೆ ತಗುಲಿದರೂ ಸಾಕು, ಪಂಖವು ಒಮ್ಮೆಗೇ ತಿರುಗಿ ಬೆರಳನ್ನು ಕತ್ತರಿಸುವುದು. ಸದ್ದಿಲ್ಲದ ಯಂತ್ರವು ನಿಂತ ಯಂತ್ರವಲ್ಲವೆಂಬುದನ್ನು ಮನೆಯ ಮಕ್ಕಳಿಗೂ ಕಲಿಸತಕ್ಕುದು.

ಮಾದರಿ ವಿಮಾನದಲ್ಲಿ ಹೊಂದಿಸುವ ಕ್ರಮ

೧. ಬ್ಯಾಟರಿಯ ವಿಮಾನವಾದರೆ ಪಂಖವನ್ನು ಬಿಚ್ಚಿಟ್ಟೇ ಕೆಲಸಕ್ಕೆ ತೊಡಗಬೇಕು. ಇಂಧನದ ವಿಮಾನವಾದರೆ ಎಂಜಿನನ್ನು ನಡೆಸದೆ, ಕಾರ್ಬುರೇಟರಿನ ಬಾಯಿಯನ್ನು ಕಣ್ಣಿಂದ ನೋಡಿಯೇ ಮೊದಲ ಹೊಂದಾಣಿಕೆಯನ್ನು ಮಾಡಬೇಕು.

೨. ಒಂದೇ ಪೆಟ್ಟಿಗೆಯಲ್ಲಿ ಹಲವು ವಿಮಾನಗಳ ಹೊಂದಾಣಿಕೆಯನ್ನು ನೆನಪಿನಲ್ಲಿಡಬಹುದು. ಪ್ರತಿಯೊಂದಕ್ಕೂ ಬೇರೆ ಹೆಸರನ್ನು ಕೊಟ್ಟು, ಹಾರಿಸುವುದಕ್ಕೆ ಮುಂಚೆ ಆ ಹೆಸರನ್ನು ಓದಿ ನೋಡತಕ್ಕುದು. ಒಂದರ ಹೊಂದಾಣಿಕೆಯಿಂದ ಇನ್ನೊಂದನ್ನು ಹಾರಿಸಹೋದಲ್ಲಿ ಕಡ್ಡಿಗಳ ದಿಕ್ಕೇ ತಿರುಗುಮುರುಗಾಗಬಹುದು.

೩. ದಿಕ್ಕನ್ನು ಪರೀಕ್ಷಿಸಬೇಕು. ಕಡ್ಡಿಯು ಕೆಳಗಿರುವಾಗ ಕಾರ್ಬುರೇಟರು ಮುಚ್ಚುವ ಕಡೆಗೂ, ಮೇಲಿರುವಾಗ ತೆರೆಯುವ ಕಡೆಗೂ ತಿರುಗಬೇಕು. ಕೆಲವು ತಯಾರಕರ ಪೆಟ್ಟಿಗೆಗಳಲ್ಲಿ ಈ ದಿಕ್ಕು ಮೊದಲೇ ವಿರುದ್ಧವಾಗಿರುವುದುಂಟು. ಅಂಥಲ್ಲಿ ದಿಕ್ಕು ಬದಲಿಸುವ ಏರ್ಪಾಟಿನಿಂದ ಸರಿಪಡಿಸಿಕೊಳ್ಳಬೇಕು. ಬ್ಯಾಟರಿಯ ವಿಮಾನದಲ್ಲಿ ಮೋಟಾರಿನ ವೇಗನಿಯಂತ್ರಕಕ್ಕೆ ಕಡ್ಡಿಯ ತುದಿ ಮತ್ತು ತಳಗಳನ್ನು ಅದರ ಕೈಪಿಡಿಯಲ್ಲಿ ಹೇಳಿದಂತೆ ಒಮ್ಮೆ ಕಲಿಸಿಕೊಡಬೇಕು.

೪. ಇಂಧನದ ಎಂಜಿನಿಗೆ ಮಂದಗತಿಯನ್ನು ಗೊತ್ತುಮಾಡಬೇಕು. ಸಣ್ಣ ಎಂಜಿನಿನಲ್ಲಿ ಕಡ್ಡಿಯು ತಳದಲ್ಲಿರುವಾಗ ಕಾರ್ಬುರೇಟರಿನ ಬಾಯಿ ಸುಮಾರು ೧ ಮಿಲಿಮೀಟರಿನಷ್ಟು ತೆರೆದಿರಲಿ. ಬಳಿಕ ವಿಮಾನವನ್ನು ಭದ್ರವಾಗಿ ಕಟ್ಟಿ, ಎಂಜಿನನ್ನು ನಡೆಸಿ, ಅದು ಬಿಸಿಯಾದ ಮೇಲೆ ಸೂಕ್ಷ್ಮವಾಗಿ ತಿದ್ದಬೇಕು. ಎಂಜಿನು ತಡವರಿಸದೆ ತಿರುಗುತ್ತಿರಬೇಕು, ಆದರೆ ವಿಮಾನವನ್ನು ಮುಂದಕ್ಕೆ ಎಳೆಯಕೂಡದು. ಮಂದಗತಿಯು ತೀರ ತಗ್ಗಿದ್ದರೆ ಎಂಜಿನು ಗಾಳಿಯಲ್ಲಿ ಸಾಯುವುದು. ಹೆಚ್ಚಾಗಿದ್ದರೆ ವಿಮಾನವು ಇಳಿಯಲೊಲ್ಲದೆ ಗದ್ದೆಯ ಬದುವಿನವರೆಗೆ ಓಡುವುದು.

೫. ನಿಲುಗಡೆಯ ಸ್ವಿಚ್ಚನ್ನು ಆರಿಸಬೇಕು. ಇದು ಕಣ್ಣು ವಿಮಾನದ ಮೇಲಿರುವಾಗಲೂ ಬೆರಳಿಗೆ ತಾನಾಗಿ ಸಿಕ್ಕಬೇಕು; ಬೇರೆ ಕೆಲಸದ ಸ್ವಿಚ್ಚಿನ ಪಕ್ಕದಲ್ಲಿ ಇರಕೂಡದು. ಸ್ವಿಚ್ಚು ಒತ್ತಿದಾಗ ಮಿಡಿತದ ಸಂಖ್ಯೆಯು ಮಂದಗತಿಗಿಂತ ಕೆಳಕ್ಕೆ ಇಳಿಯಬೇಕು. ಉದಾಹರಣೆಗೆ ಮಂದಗತಿಯು ೧,೧೫೦ ಆಗಿದ್ದರೆ ನಿಲುಗಡೆಯನ್ನು ೧,೦೦೦ಕ್ಕೆ ಇಡಬಹುದು. ಇಂಧನದ ಎಂಜಿನಿನಲ್ಲಿ ಕಾರ್ಬುರೇಟರಿನ ಬಾಯಿಯು ಪೂರ್ತಿ ಮುಚ್ಚಿತೆಂಬುದನ್ನು ಕಣ್ಣಾರೆ ನೋಡಬೇಕು.

೬. ಪರೀಕ್ಷೆ. ಸ್ವಿಚ್ಚನ್ನು ನಿಲುಗಡೆಯಲ್ಲಿಟ್ಟು, ವೇಗದ ಕಡ್ಡಿಯನ್ನು ನಿಧಾನವಾಗಿ ಪೂರ್ತಿ ಮೇಲಕ್ಕೆ ಸರಿಸಬೇಕು. ಯಂತ್ರವು ಎಳ್ಳಷ್ಟೂ ಕದಲಕೂಡದು. ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದ ವಿಮಾನಕ್ಕೆ ಪಂಖವನ್ನು ಜೋಡಿಸಬಾರದು. ಪರೀಕ್ಷೆ ಮುಗಿದ ಬಳಿಕ ಕಡ್ಡಿಯನ್ನು ತಳಕ್ಕೆ ತಂದೇ ಸ್ವಿಚ್ಚನ್ನು ಬಿಡಬೇಕು. ಇಲ್ಲವಾದರೆ ಬಿಟ್ಟ ಕ್ಷಣವೇ ಯಂತ್ರವು ಪೂರ್ಣ ವೇಗದಿಂದ ತಿರುಗುವ ಸಂಭವವುಂಟು.

೭. ಪೆಟ್ಟಿಗೆಯನ್ನು ಹೊತ್ತಿಸಿದೊಡನೆ ಸ್ವಿಚ್ಚು ನಿಲುಗಡೆಯಲ್ಲಿ ಇಲ್ಲದಿದ್ದರೆ ಅಥವಾ ಕಡ್ಡಿಯು ತಳದಲ್ಲಿ ಇಲ್ಲದಿದ್ದರೆ ಕೂಗಿ ಎಚ್ಚರಿಸುವ ಏರ್ಪಾಟು ಹಲವು ಪೆಟ್ಟಿಗೆಗಳಲ್ಲಿ ಇದೆ. ಕಿರಿಕಿರಿಯೆಂದು ಅದನ್ನು ಅಡಗಿಸಬಾರದು.

ಹೆಲಿಕಾಪ್ಟರಿನ ಮಾದರಿಗಳಲ್ಲಿ 'ಐಡ್ಲ್ ಅಪ್' ಎಂಬ ಇನ್ನೊಂದು ಸ್ವಿಚ್ಚು ಇರುವುದು. ಇದನ್ನು ಒತ್ತಿದರೆ ಕಡ್ಡಿಯು ತಳದಲ್ಲಿದ್ದರೂ ಯಂತ್ರವು ಹೆಚ್ಚಿನ ವೇಗದಲ್ಲಿಯೇ ತಿರುಗುತ್ತಿರುವುದು. ಹಾರಾಟದಲ್ಲಿ ಇದರಿಂದ ಅನುಕೂಲವಿದೆ. ನೆಲದ ಮೇಲೆ ಇದನ್ನು ಮರೆತು ಬ್ಯಾಟರಿ ಜೋಡಿಸಿದರೆ ಅನಾಹುತವೇ ಸರಿ. ಆದುದರಿಂದ ನಿಲುಗಡೆಯ ಸ್ವಿಚ್ಚು ಉಳಿದೆಲ್ಲ ಸ್ವಿಚ್ಚುಗಳನ್ನೂ ಮೀರಿ ನಡೆಯುವಂತೆ ಹೊಂದಿಸಿರಬೇಕು.

ಹೊತ್ತಿಸುವ ಮತ್ತು ಆರಿಸುವ ಕ್ರಮವೂ ಮುಖ್ಯವಾದುದು. ಮೊದಲು ಪೆಟ್ಟಿಗೆ, ಅನಂತರ ವಿಮಾನ ಎಂಬುದು ಹೊತ್ತಿಸುವ ನಿಯಮವು. ಮೊದಲು ವಿಮಾನ, ಅನಂತರ ಪೆಟ್ಟಿಗೆ ಎಂಬುದು ಆರಿಸುವ ನಿಯಮವು. ಯಜಮಾನನಿಲ್ಲದ ಯಂತ್ರವು ಒಂದು ಕ್ಷಣವೂ ಎಚ್ಚರವಾಗಿರಬಾರದೆಂಬುದೇ ಇದರ ತಾತ್ಪರ್ಯವು.

ಸಿಂಪರಣೆಯ ಡ್ರೋನಿನಲ್ಲಿ ವ್ಯತ್ಯಾಸ

ರೇಡಿಯೋ ಮೂಲಕ ನಡೆಯುವ ಹಾರುವ ಯಂತ್ರದಿಂದ ಬೆಳೆಗೆ ಔಷಧ ಸಿಂಪಡಿಸುವ ಕೆಲಸವು ಜಪಾನಿನಲ್ಲಿ ೧೯೮೭ರ ಸುಮಾರಿಗೆ ಯಮಾಹಾ ಕಂಪೆನಿಯ ಸಣ್ಣ ಹೆಲಿಕಾಪ್ಟರಿನಿಂದ ರೂಢಿಗೆ ಬಂದಿತು. ಇಂದು ನಮ್ಮ ತೋಟಗಳಿಗೆ ಬರುತ್ತಿರುವುವು ನಾಲ್ಕು, ಆರು ಅಥವಾ ಎಂಟು ಪಂಖಗಳ ಬ್ಯಾಟರಿ ಡ್ರೋನುಗಳು. ಮಾದರಿ ವಿಮಾನದಲ್ಲಿ ಕಲಿತವನು ಇಲ್ಲಿ ಮೂರು ಸಂಗತಿಗಳನ್ನು ಹೊಸದಾಗಿ ಕಲಿಯಬೇಕು.

ಮೊದಲನೆಯದಾಗಿ, ವಿಮಾನಕ್ಕೆ ರೆಕ್ಕೆಗಳಿರುವುದರಿಂದ ಎಂಜಿನು ನಿಂತರೂ ಅದು ತೇಲುತ್ತಾ ಇಳಿಯುವುದು. ಡ್ರೋನಿಗೆ ಅಂಥ ರೆಕ್ಕೆಗಳಿಲ್ಲ. ಗಾಳಿಯಲ್ಲಿ ನಿಲುಗಡೆಯ ಸ್ವಿಚ್ಚನ್ನು ಒತ್ತಿದರೆ ಅದು ಕಲ್ಲಿನಂತೆ ಬೀಳುವುದು. ತೊಟ್ಟಿಯಲ್ಲಿ ೧೦ ಲೀಟರು ದ್ರಾವಣವನ್ನು ಹೊತ್ತ ಯಂತ್ರವು ಅಡಿಕೆಮರದ ತಲೆಯ ಮಟ್ಟದಿಂದ ಬಿದ್ದರೆ ಕೆಳಗಿದ್ದವನ ಪ್ರಾಣಕ್ಕೇ ಸಂಚಕಾರವು. ಹೀಗೆ ಒಂದರಲ್ಲಿ ರಕ್ಷಕವಾದ ಸ್ವಿಚ್ಚು ಇನ್ನೊಂದರಲ್ಲಿ ಘಾತಕವಾಗುವುದು. ಆದುದರಿಂದ ಡ್ರೋನಿನ ಪೆಟ್ಟಿಗೆಯಲ್ಲಿ ಈ ಸ್ವಿಚ್ಚು ಬೆರಳಿಗೆ ಎಟುಕುವಂತಿರಬೇಕಾದರೂ ಅಕಸ್ಮಾತ್ತಾಗಿ ತಗುಲದಂತೆ ಇರಬೇಕು. ಮೇಲಕ್ಕೆ ಎಳೆದು ಸರಿಸುವ ಸ್ವಿಚ್ಚಾಗಲಿ, ಎರಡು ಸ್ವಿಚ್ಚುಗಳನ್ನು ಕೂಡಿ ಒತ್ತುವ ಏರ್ಪಾಟಾಗಲಿ ಉತ್ತಮ. ಹಾರುವಾಗ ಇದನ್ನು ಒತ್ತಬಹುದಾದ ಸಂದರ್ಭವು ಒಂದೇ: ಯಂತ್ರವು ಹತೋಟಿ ತಪ್ಪಿ ಜನರ ಕಡೆಗೆ ಹೋಗುತ್ತಿದ್ದು, ಅದು ಬೀಳುವುದೇ ಕಡಮೆ ಕೇಡೆಂದು ತೋರಿದಾಗ.

ಎರಡನೆಯದಾಗಿ, ಅನೇಕ ಡ್ರೋನುಗಳ ವೇಗದ ಕಡ್ಡಿಯು ಕೈಬಿಟ್ಟೊಡನೆ ತಾನಾಗಿ ನಡುವಿಗೆ ಬಂದು ನಿಲ್ಲುವುದು. ನಡುಸ್ಥಾನಕ್ಕೆ ಅಲ್ಲಿ 'ಇದ್ದ ಎತ್ತರದಲ್ಲಿಯೇ ಇರು' ಎಂದು ಅರ್ಥ. ಹಳೆಯ ವಿಮಾನದ ರೂಢಿಯಿಂದ ನಡುಸ್ಥಾನವನ್ನು ಅರ್ಧವೇಗವೆಂದಾಗಲಿ, ಕಡ್ಡಿ ಬಿಟ್ಟುದನ್ನು ನಿಲುಗಡೆಯೆಂದಾಗಲಿ ತಿಳಿಯಬಾರದು.

ಮೂರನೆಯದಾಗಿ, ಡ್ರೋನಿಗೂ ಮಂದಗತಿ ಇರುವುದು. ಬೀಗ ತೆಗೆದೊಡನೆ ಪಂಖಗಳು ನೆಲದ ಮೇಲೆಯೇ ನಿಧಾನವಾಗಿ ತಿರುಗತೊಡಗುವುವು. ಯಂತ್ರವು ಸಿದ್ಧವಾಗಿದೆಯೆಂದು ಸುತ್ತಲಿನವರಿಗೆ ತಿಳಿಸುವುದು ಇದರ ಒಂದು ಪ್ರಯೋಜನವು. ಹಾರಾಟದಲ್ಲಿ ವೇಗವಾಗಿ ಇಳಿಯುವಾಗ ಯಾವ ಮೋಟಾರೂ ಪೂರ್ತಿ ನಿಂತುಹೋಗದಂತೆ ಕಾಯುವುದು ಇನ್ನೊಂದು ಪ್ರಯೋಜನವು. ಒಂದು ಮೋಟಾರು ನಿಂತರೂ ಡ್ರೋನು ಮಗುಚಬಹುದು. ಆರ್ಡುಪೈಲಟ್ ಎಂಬ ನಿಯಂತ್ರಕದಲ್ಲಿ ತಯಾರಕರು ಮೊದಲೇ ಇಟ್ಟ ಅಳತೆಯು ನೆಲದ ಮಂದಗತಿಗೆ ಶೇಕಡ ೧೦, ಹಾರಾಟದ ಕನಿಷ್ಠ ಗತಿಗೆ ಶೇಕಡ ೧೫. ಎರಡನೆಯದು ಮೊದಲನೆಯದಕ್ಕಿಂತ ಯಾವಾಗಲೂ ಹೆಚ್ಚಾಗಿರತಕ್ಕುದು. ಕೃಷಿ ಡ್ರೋನಿನಲ್ಲಿ ತಯಾರಕರು ಗೊತ್ತುಮಾಡಿದ ಅಳತೆಯನ್ನು ಅವರ ಸಮ್ಮತಿಯಿಲ್ಲದೆ ತಿದ್ದಬಾರದು.

ರೇಡಿಯೋ ಸಂಬಂಧವು ಕಡಿದಾಗ

ತೋಟದ ದಟ್ಟವಾದ ಸೋಗೆಗಳ ಹಿಂದೆ, ಗುಡ್ಡದ ಮರೆಯಲ್ಲಿ ರೇಡಿಯೋ ಸಂಬಂಧವು ಕಡಿಯಬಹುದು. ಆಗ ಯಂತ್ರವು ಮಾಡಬೇಕಾದುದನ್ನು ಮೊದಲೇ ಗೊತ್ತುಮಾಡಿರುವ ಏರ್ಪಾಟಿಗೆ 'ಫೇಲ್‌ಸೇಫ್' ಎಂದು ಹೆಸರು. ಮಾದರಿ ವಿಮಾನದಲ್ಲಿ ಅದನ್ನು ಬ್ಯಾಟರಿಯ ಮೋಟಾರಿಗೆ ನಿಲುಗಡೆಗೂ, ಇಂಧನದ ಎಂಜಿನಿಗೆ ನಿಲುಗಡೆಗೆ ಅಥವಾ ಮಂದಗತಿಗೂ ಇಡುವರು. ಪೂರ್ಣ ವೇಗದಲ್ಲಿ ಓಡಿಹೋಗುವ ವಿಮಾನಕ್ಕಿಂತ ಸಮೀಪದಲ್ಲಿಯೇ ಇಳಿಯುವ ವಿಮಾನವು ಲೇಸು. ಡ್ರೋನಿನಲ್ಲಿ ಮಾತ್ರ ನಿಲುಗಡೆಯನ್ನು ಎಂದಿಗೂ ಇಡಬಾರದು. ಹೊರಟ ಸ್ಥಳಕ್ಕೆ ಹಿಂದಿರುಗುವುದನ್ನೋ, ಇದ್ದಲ್ಲಿಯೇ ನಿಲ್ಲುವುದನ್ನೋ ಇಡತಕ್ಕುದು. ಹಿಂದಿರುಗುವ ಎತ್ತರವು ತೋಟದ ಅತ್ಯಂತ ಎತ್ತರದ ಮರಕ್ಕಿಂತ ಹೆಚ್ಚಾಗಿರಬೇಕು. ಅಡಿಕೆಯ ನಡುವೆ ಒಂದೆರಡು ತೆಂಗು ಇದ್ದರೆ ಅಳತೆಯನ್ನು ತೆಂಗಿನಿಂದಲೇ ತೆಗೆಯಬೇಕು.

ಇದನ್ನೂ ನೆಲದ ಮೇಲೆಯೇ ಪರೀಕ್ಷಿಸಬಹುದು. ಮಾದರಿ ವಿಮಾನದ ಪಂಖವನ್ನು ಬಿಚ್ಚಿ, ಮೋಟಾರನ್ನು ಅರ್ಧವೇಗದಲ್ಲಿ ತಿರುಗಿಸಿ, ಪೆಟ್ಟಿಗೆಯನ್ನು ಆರಿಸಬೇಕು. ಕೆಲವು ಕ್ಷಣಗಳಲ್ಲಿ ಮೋಟಾರು ನಿಂತರೆ ಏರ್ಪಾಟು ಸರಿಯಾಗಿದೆ. ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಆ ವಿಮಾನವು ಹಾರಾಟಕ್ಕೆ ಯೋಗ್ಯವಲ್ಲ.

ಮಂಗಳೂರಿನ ಸುತ್ತಲಿನ ಸ್ಥಳವಿಚಾರ

ಕಲಿಕೆಗೆ ಏಣೆಲು ಕಟಾವಾದ ಬೈಲು ಗದ್ದೆಯಷ್ಟು ಒಳ್ಳೆಯ ಸ್ಥಳವು ಬೇರೊಂದಿಲ್ಲ. ನೆಲವು ಮೃದು, ನೋಟಕ್ಕೆ ಅಡ್ಡಿಯಿಲ್ಲ. ಆದರೆ ಎಲ್ಲ ಗದ್ದೆಗಳ ಮೇಲೂ ಹಾರಿಸಲಾಗದು. ೨೦೨೧ರ ಡ್ರೋನ್ ನಿಯಮಗಳ ಮೇರೆಗೆ, ನಡೆಯುತ್ತಿರುವ ವಿಮಾನ ನಿಲ್ದಾಣದ ಎಲ್ಲೆಯಿಂದ ೫ರಿಂದ ೮ ಕಿಲೋಮೀಟರುಗಳ ನಡುವಿನ ಪ್ರದೇಶವು ಹಳದಿ ವಲಯವಾಗಿದ್ದು, ಅಲ್ಲಿ ವಿಮಾನ ಸಂಚಾರ ನಿಯಂತ್ರಣಾಧಿಕಾರಿಗಳ ಅಪ್ಪಣೆಯು ಬೇಕು. ೮ರಿಂದ ೧೨ ಕಿಲೋಮೀಟರುಗಳ ನಡುವೆ ೨೦೦ ಅಡಿಗಳಿಗಿಂತಲೂ, ಉಳಿದ ಹಸುರು ವಲಯದಲ್ಲಿ ೪೦೦ ಅಡಿಗಳಿಗಿಂತಲೂ ಮೇಲೆ ಅಪ್ಪಣೆಯಿಲ್ಲದೆ ಹಾರಿಸಕೂಡದು. ಬಜಪೆ, ಕೆಂಜಾರು, ಕಾವೂರು, ಗುರುಪುರಗಳು ಮಂಗಳೂರು ನಿಲ್ದಾಣಕ್ಕೆ ಹತ್ತಿರದಲ್ಲಿಯೇ ಇರುವುದರಿಂದ ಅಲ್ಲಿನ ಭೂಮಾಲಿಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅಪ್ಪಣೆಯಿಲ್ಲದೆ ಹಾರಾಟವೇ ಸಲ್ಲದು. ಬಂದರು, ಕಾರ್ಖಾನೆಗಳ ಸಮೀಪದವರು ಸರ್ಕಾರದ ವಾಯುಪ್ರದೇಶದ ನಕ್ಷೆಯನ್ನು ನೋಡಿಯೇ ಮುಂದುವರಿಯತಕ್ಕುದು.

ಸಿಂಪರಣೆಯ ಡ್ರೋನುಗಳು ಹೆಚ್ಚಾಗಿ ೨ರಿಂದ ೨೫ ಕಿಲೋಗ್ರಾಂ ತೂಕದ 'ಸಣ್ಣ' ವರ್ಗಕ್ಕೆ ಸೇರುವುವು. ಇವುಗಳಿಗೆ ನೋಂದಣಿಯ ಸಂಖ್ಯೆಯೂ, ನಡೆಸುವವರಿಗೆ ಮಾನ್ಯತೆಯುಳ್ಳ ಶಾಲೆಯಲ್ಲಿ ತರಬೇತಾದ ದೂರಚಾಲಕ ಪತ್ರವೂ ಇರಬೇಕು. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಒದಗಿಸುವ ನಮೋ ಡ್ರೋನ್ ದೀದಿ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೨೩ರ ನವೆಂಬರಿನಲ್ಲಿ ಮಂಜೂರು ಮಾಡಿತು; ಇದರಿಂದ ಹೆಂಗಸರೂ ಈ ವಿದ್ಯೆಯಲ್ಲಿ ಪಳಗುತ್ತಿರುವರು.

ಕರಾವಳಿಯ ಉಪ್ಪುಗಾಳಿಯೂ ಆಷಾಢದ ತೇವವೂ ಸ್ವಿಚ್ಚಿನೊಳಗಿನ ಲೋಹವನ್ನು ಕಿಲುಬುಗೊಳಿಸುವುವು. ಮೈಲುತುತ್ತಿನ ದ್ರಾವಣವೂ ಲೋಹಕ್ಕೆ ಶತ್ರುವೇ. ಸಿಂಪರಣೆಯ ಕೈಯಿಂದ ಪೆಟ್ಟಿಗೆಯನ್ನು ಮುಟ್ಟಬಾರದು. ಕೆಲಸ ಮುಗಿದ ಮೇಲೆ ಅದನ್ನು ಒಣಬಟ್ಟೆಯಿಂದ ಒರಸಿ, ತೇವ ಹೀರುವ ಸಿಲಿಕಾ ಹರಳುಗಳೊಡನೆ ಮುಚ್ಚಿದ ಡಬ್ಬಿಯಲ್ಲಿಡತಕ್ಕುದು. ಕಳೆದ ವರ್ಷ ಸರಿಯಾಗಿದ್ದ ಸ್ವಿಚ್ಚು ಈ ವರ್ಷವೂ ಸರಿಯಾಗಿರುವುದೆಂದು ನಂಬಬಾರದು.

ಭೂಮಾಲಿಕರು ಕೇಳತಕ್ಕ ಪ್ರಶ್ನೆಗಳು

ಯಂತ್ರವನ್ನು ತಾವೇ ನಡೆಸದಿದ್ದರೂ ತಮ್ಮ ತೋಟದೊಳಗೆ ನಡೆಯುವ ಕೆಲಸಕ್ಕೆ ಯಜಮಾನರ ಹೊಣೆಯು ತಪ್ಪದು. ಚಾಲಕರು ಬಂದೊಡನೆ ಈ ಪ್ರಶ್ನೆಗಳನ್ನು ಕೇಳಬೇಕು:

(೧) ನಿಲುಗಡೆಯ ಸ್ವಿಚ್ಚು ಯಾವುದು? ತಡವಿಲ್ಲದೆ ಬೆರಳಿಟ್ಟು ತೋರಿಸಲಾರದವರಿಂದ ಕೆಲಸ ಮಾಡಿಸಬಾರದು.

(೨) ಸ್ವಿಚ್ಚು ನಿಲುಗಡೆಯಲ್ಲಿರುವಾಗ ಬೀಗ ತೆಗೆಯಲು ಯತ್ನಿಸಿದರೆ ಪಂಖವು ತಿರುಗದೆ ಇರುವುದೆ? ಜನರನ್ನು ದೂರ ನಿಲ್ಲಿಸಿ ಇದನ್ನು ತೋರಿಸಿಕೊಳ್ಳಬೇಕು.

(೩) ರೇಡಿಯೋ ಸಂಬಂಧ ಕಡಿದರೆ ಯಂತ್ರವು ಏನು ಮಾಡುವುದು? ಎಷ್ಟು ಎತ್ತರದಲ್ಲಿ ಹಿಂದಿರುಗುವುದು?

(೪) ತೊಟ್ಟಿ ತುಂಬುವಾಗಲೂ ಬ್ಯಾಟರಿ ಬದಲಿಸುವಾಗಲೂ ಪೆಟ್ಟಿಗೆಯು ಯಾರ ಕೈಯಲ್ಲಿರುವುದು? ಅದು ಚಾಲಕರ ಕೈಯಲ್ಲಿಯೇ, ನಿಲುಗಡೆಯ ಸ್ಥಿತಿಯಲ್ಲಿಯೇ ಇರಬೇಕು. ಪಂಖಗಳು ಪೂರ್ತಿ ನಿಂತು, ಚಾಲಕರು 'ನಿಂತಿತು' ಎಂದು ಗಟ್ಟಿಯಾಗಿ ಹೇಳುವ ತನಕ ಯಾವ ಆಳೂ ಯಂತ್ರದ ಹತ್ತಿರ ಹೋಗಕೂಡದು.

(೫) ಹಾರುವ ದಾರಿಯ ಕೆಳಗೆ ಯಾರಾದರೂ ಇರುವರೆ?

ಇವುಗಳಲ್ಲಿ ನಾಲ್ಕನೆಯದು ಹೆಚ್ಚು ಗಮನಕ್ಕೆ ಅರ್ಹವಾದುದು. ಸಿಂಪರಣೆಯ ದಿನ ಯಂತ್ರವು ಹತ್ತಾರು ಬಾರಿ ಇಳಿದು ಏರುವುದು. ಮೊದಲನೆಯ ಸಲ ಎಲ್ಲರಿಗೂ ಎಚ್ಚರವಿರುವುದು; ಹನ್ನೆರಡನೆಯ ಸಲಕ್ಕೆ ಮಳೆ ಬರುವ ಮುಂಚೆ ಮುಗಿಸುವ ಆತುರವು ಎಚ್ಚರವನ್ನು ನುಂಗುವುದು. ಕೊಡ ಹಿಡಿದ ಆಳು ಮಂದಗತಿಯನ್ನು ನಿಲುಗಡೆಯೆಂದು ಭ್ರಮಿಸಿ ಕೈಚಾಚುವುದು ಅಂಥ ಹೊತ್ತಿನಲ್ಲಿಯೇ.

ಉಪಸಂಹಾರ

ಡ್ರೋನಿನಿಂದ ಅಡಿಕೆಗೆ ದೊರೆಯುವ ಲಾಭವನ್ನು ಆಯಾ ತೋಟದಲ್ಲಿಯೇ ಪರೀಕ್ಷಿಸಿ ಅರಿಯಬೇಕು. ಗೊನೆಯು ಸೋಗೆಯ ಕೆಳಗೆ ಇರುವುದರಿಂದ ಮೇಲಿನಿಂದ ಬಿದ್ದ ಹನಿಯು ಅದಕ್ಕೆ ಚೆನ್ನಾಗಿ ತಗುಲಿತೆ ಎಂಬುದನ್ನು ನೋಡದೆ ಹಳೆಯ ಕ್ರಮವನ್ನು ಕೈಬಿಡಲಾಗದು. ಈ ವಿಷಯದಲ್ಲಿ ಮಂಗಳೂರಿನ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರವನ್ನೂ, ವಿಟ್ಲದ ಅಡಿಕೆ ಸಂಶೋಧನ ಕೇಂದ್ರವನ್ನೂ ವಿಚಾರಿಸಬಹುದು. ಲಾಭದ ಲೆಕ್ಕವು ಹೇಗೇ ಇರಲಿ, ಯಂತ್ರವು ತೋಟದೊಳಗೆ ಕಾಲಿಡುವ ಮುಂಚೆ ಸ್ವಿಚ್ಚಿನ ಪರೀಕ್ಷೆಯು ಮುಗಿದಿರಬೇಕು. ಅದಕ್ಕೆ ಹಿಡಿಯುವ ಕಾಲವು ಎಲೆಯಡಿಕೆ ಹಾಕಿಕೊಳ್ಳುವಷ್ಟು. ಅಷ್ಟು ಕಾಲವನ್ನು ಉಳಿಸಹೋಗಿ ಆಳಿನ ಬೆರಳನ್ನು ಕಳೆದರೆ, ಆ ವರ್ಷದ ಫಸಲೆಲ್ಲವನ್ನು ಮಾರಿದರೂ ಅದನ್ನು ಹಿಂದಕ್ಕೆ ತರಲಾಗದು. ಊರಿನ ಹಿರಿಯರು ತಮ್ಮ ಗ್ರಾಮದಲ್ಲಿ ಈ ಪರೀಕ್ಷೆಯನ್ನು ಕಡ್ಡಾಯದ ಪದ್ಧತಿಯಾಗಿ ರೂಢಿಗೆ ತರುವುದು ಉಚಿತವಾಗಿರುವುದು.